ಕೊಡೆಯವರು ಹೋಗಿಬಿಟ್ಟದ್ದು

ತಾನು ದುಃಖದಲ್ಲಿರಬೇಕಾದ ಮನುಷ್ಯ ಎಂಬುದು ಅವನಿಗೆ ನೆನಪಾದದ್ದು ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ, ಕಾಳಿನ ಅಂಗಡಿಯೊಂದರಲ್ಲಿ, ಒಂದು ಬೆಕ್ಕಿನಿಂದಾಗಿ ನಕ್ಕುಬಿಟ್ಟ ಮೇಲೆ. ಬೆಕ್ಕು ತಕ್ಕಡಿಯ ತಟ್ಟೆಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು. ತಪಾಸಣೆಗೆಂದು ಅವನು ಅದನ್ನು ಎತ್ತಲು ಹೋದಾಗ ಅಂಗಡಿಯವನು, “ಬೇಡ ಸರ್, ಬೆಳಿಗ್ಗೆಯಿಂದ ಅಲ್ಲೇ ಇದೆ, ಈಗ ತೆಗೆದ್ರೆ ಗಿರಾಕಿಗಳಿಗೆ ಅನುಮಾನ ಬರುತ್ತೆ” ಎಂದ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷ ಇನ್‌ಸ್ಪೆಕ್ಟರಾಗಿದ್ದವನು, ಅಂಗಡಿಯವರ ಮುಂದೆ ಒಂದು ದಿನವೂ ಹಲ್ಲು ಬಿಟ್ಟವನಲ್ಲ. ಆದರೆ ನಗು ಹೇಳದೆ ಕೇಳದೆ ಬಂದುಬಿಟ್ಟಿತು, ಮೂಗಿನಿಂದಲೂ ಸ್ವಲ್ಪ ಬಂತು. ನಗುತ್ತಿದ್ದ ಹಾಗೆಯೇ ಶನಿವಾರದ ನೆನಪಾಗಿ ಅವನ ಮುಖ ಅರ್ಧಕ್ಕೆ ನಿಂತಿತು. ಗೆಳೆಯನನ್ನು ಕಳೆದುಕೊಂಡು ಎರಡು ದಿನ ಆಗಿಲ್ಲ, ಬೆಕ್ಕು ನೋಡಿ ನಗುತ್ತಿದ್ದೇನೆ. ಆ ಗೆಳೆಯ ಎಂಬವನು ಯಾವ ಕಾಲದಲ್ಲೂ ಇರಲಿಲ್ಲ ಎನ್ನುವುದೊಂದನ್ನು ಬಿಟ್ಟರೆ ಈ ನಾಚಿಕೆ ಪೂರ್ತಿ ನ್ಯಾಯವಾಗಿಯೇ ಇತ್ತು. ಅವನು ಕೈಯಲ್ಲಿದ್ದ ಐದು ಕಿಲೋದ ಹಿತ್ತಾಳೆ ತೂಕದ ಬಟ್ಟನ್ನು ಮುಖದ ಹತ್ತಿರ ತಂದು ಅದರ ಹೊಳಪಿನಲ್ಲಿ ಒಂದು ಸಪ್ಪೆ ಮುಖವನ್ನು ಅಭ್ಯಾಸ ಮಾಡಿದ. ಬಟ್ಟು ದುಂಡಗಿದ್ದುದರಿಂದ ಮೂಗು ಮುಂದೆ ಬಂದು, ಕಣ್ಣುಗಳು ಕಿವಿಯ ಕಡೆ ಓಡಿಹೋಗಿ, ದುಃಖದ ಬದಲು ನೆಗಡಿ ಕಾಣಿಸಿತು. ಇನ್ನೊಂದೂವರೆ ಗಂಟೆಯೊಳಗೆ ಊಟಕ್ಕೆ ಹೋಗಬೇಕು. ಅಲ್ಲಿ ಈ ಮುಖ ನಡೆಯುವುದಿಲ್ಲ.

ಊಟದ ವಿಚಾರದಲ್ಲಿ ಅವನು ಯಾವತ್ತೂ ಸುಳ್ಳು ಹೇಳಿದವನಲ್ಲ, ಹೇಳುವ ಪ್ರಸಂಗವೇ ಬಂದಿರಲಿಲ್ಲ. ಇಪ್ಪತ್ತೆರಡು ವರ್ಷ ಅಕ್ಕ ಭಾವನ ಮನೆಯಲ್ಲಿ, ಅಡುಗೆಮನೆ ಬಾಗಿಲಿಗೆ ಬೆನ್ನು ಹಾಕಿದ ಒಂದು ಕುರ್ಚಿಯಲ್ಲಿ ಕೂತು, ತಟ್ಟೆಗೆ ಬಿದ್ದದ್ದನ್ನು ತಿಂದು ಎದ್ದವನು. ಮದುವೆ ಆಗಲಿಲ್ಲ, ಆಗಲಿಲ್ಲ ಎನ್ನುವುದಕ್ಕಿಂತ, ಆ ಮಾತು ಬಂದಾಗಲೆಲ್ಲ ಊಟದ ಹೊತ್ತಾಗಿರುತ್ತಿತ್ತು. ನಲವತ್ತೆಂಟನೆಯ ವಯಸ್ಸಿಗೆ ಬಂದ ವರ್ಗಾವಣೆ ಅವನನ್ನು ಆ ಕುರ್ಚಿಯಿಂದ ಎಬ್ಬಿಸಿ, ಯಾರ ಗುರುತೂ ಇಲ್ಲದ ಈ ನಗರದಲ್ಲಿ, ಹಾಸಿಗೆ ಅಂಗಡಿಯ ಮೇಲಿನ ಮೂರನೆಯ ಮಹಡಿಯ ಒಂದು ಕೋಣೆಯಲ್ಲಿ ಕೂರಿಸಿತು. ಕೋಣೆಯ ಯಜಮಾನ ಬೀಗದ ಕೈ ಕೊಡುವಾಗ, “ಅಡುಗೆ ಮಾತ್ರ ಮಾಡೋ ಹಾಗಿಲ್ಲ, ಕೆಳಗಿರೋ ಹಾಸಿಗೆಗಳು ವಾಸನೆ ಹಿಡ್ಕೊಳ್ತವೆ” ಎಂದಿದ್ದ. ಒಲೆ ಇರಬೇಕಾದ ಜಾಗದಲ್ಲಿ ಯಜಮಾನನ ಹೆಂಡತಿ ತೂಕ ಇಳಿಸಲು ತಂದು, ಇಳಿಸದೆ ಬಿಟ್ಟ ವ್ಯಾಯಾಮದ ಸೈಕಲ್ಲು ನಿಂತಿತ್ತು. ಮೊದಲ ವಾರ ಅವನು ಆ ಸೈಕಲ್ಲಿನ ಸೀಟಿನ ಮೇಲೆ ಬ್ರೆಡ್ಡಿಟ್ಟುಕೊಂಡು, ನಿಂತೇ ತಿಂದ. ಎರಡನೆಯ ವಾರ ಆಫೀಸಿನ ಹಿಂದಿನ ಬೀದಿಯಲ್ಲಿ ಆ ಊಟದ ಹೋಟೆಲು ಕಂಡಿತು. ಕಿಟಕಿಯ ಪಕ್ಕದಲ್ಲಿ ಇಬ್ಬಿಬ್ಬರು ಕೂರುವ ಆರು ಮೇಜು. ಒಬ್ಬೊಬ್ಬರೇ ಬರುವವರಿಗೆ ಎದುರು ಗೋಡೆಗೆ ಹೊಡೆದ ಒಂದು ಉದ್ದ ಹಲಗೆ, ಹಲಗೆಯ ಮೇಲೆ ಗೋಡೆಯುದ್ದಕ್ಕೂ ಕನ್ನಡಿ. ಜಾಗ ದೊಡ್ಡದಾಗಿ ಕಾಣಲಿ ಎಂದು ಹಾಕಿಸಿದ್ದಂತೆ. ಅವನು ಎಂಟು ದಿನ ಆ ಕನ್ನಡಿಯೆದುರು ಊಟ ಮಾಡಿದ. ತಾನು ಅಗಿಯುವಾಗ ದವಡೆ ಮೇಲೆ ಕೆಳಗೆ ಹೋಗುವುದಿಲ್ಲ, ಪಕ್ಕಕ್ಕೆ ಹೋಗುತ್ತದೆ ಎಂಬುದು ಅವನಿಗೆ ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ತಿಳಿಯಿತು. ನುಂಗುವ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚುತ್ತೇನೆ ಎಂಬುದೂ ತಿಳಿಯಿತು. ಆದರೆ ಮುಚ್ಚಿದ ಕಣ್ಣನ್ನು ಕನ್ನಡಿಯಲ್ಲಿ ಕಾಣುವುದು ಹೇಗೆ, ಹಾಗಾದರೆ ನೋಡುತ್ತಿರುವವರು ಯಾರು ಎಂದು ಯೋಚಿಸಿ ಅನ್ನ ನೆತ್ತಿಗೇರಿ ಕೆಮ್ಮು ಬಂತು. ಇಷ್ಟು ವರ್ಷ ಅಕ್ಕ ದಿನಾ ಇದನ್ನು ಎದುರು ಕೂತು ನೋಡಿದ್ದಾಳೆ, ಒಂದು ಮಾತು ಆಡಲಿಲ್ಲವಲ್ಲ ಎಂದು ಅವನಿಗೆ ಅಕ್ಕನ ಮೇಲೆ ತಡವಾಗಿ ಪ್ರೀತಿ ಹುಟ್ಟಿತು.

ಒಂಬತ್ತನೆಯ ದಿನ ಅವನು ಸೀದಾ ಹೋಗಿ ಕಿಟಕಿಯ ಮೇಜಿಗೆ ಕೂತ. ಗಲ್ಲಾದ ಹಿಂದೆ ಕೂರುತ್ತಿದ್ದ ಹೋಟೆಲಿನೊಡತಿ, ಎಲ್ಲರೂ ಗಲ್ಲಾದಮ್ಮ ಎನ್ನುತ್ತಿದ್ದ ದಪ್ಪ ಕನ್ನಡಕದ ಹೆಂಗಸು, ಕೂತಲ್ಲಿಂದಲೇ, “ಒಬ್ಬರೇ ಆದ್ರೆ ಆ ಕಡೆ” ಎಂದಳು. ಹೋಟೆಲಿನಲ್ಲಿದ್ದ ಹದಿನಾಲ್ಕು ತಲೆಗಳೂ ಅವನತ್ತ ತಿರುಗಿದವು. “ಇನ್ನೊಬ್ಬರು ಬರ್ತಾರೆ,” ಎಂದುಬಿಟ್ಟ. ಅಷ್ಟೇ. ಬಾಯಿ ತಪ್ಪಿ ಬಂದ ಮಾತು; ಒಂದು ಊಟದ ಮಟ್ಟಿಗೆ ಎಂದು ಅವನು ಅಂದುಕೊಂಡ. ಸಪ್ಲೈಯರ್ ಬಂದು ಎದುರಿನ ಜಾಗಕ್ಕೂ ಒಂದು ಲೋಟ ನೀರು ಇಟ್ಟ. ಅರವತ್ತರ ಸುಮಾರಿನ, ಚಪ್ಪಟೆ ಪಾದದ, ನಡೆದರೆ ನೆಲ ಒರೆಸಿದ ಸದ್ದು ಬರುವ ಆ ಸಪ್ಲೈಯರ್ ಕೂಡ ಈ ಊರಿನವನಲ್ಲ ಎಂದು ಅವನ ಮಾತಿನಲ್ಲೇ ಗೊತ್ತಾಗುತ್ತಿತ್ತು. ಆ ದಿನ ಇನ್ನೊಬ್ಬರು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಸಪ್ಲೈಯರ್ ಎದುರಿನ ಲೋಟವನ್ನು ಒರೆಸುತ್ತ, ಬಲು ಮೆಲ್ಲಗೆ, “ಇವತ್ತೂ ಕೈ ಕೊಟ್ರಾ ಸರ್?” ಎಂದು ಕೇಳಿದ. ಆ ದನಿಯಲ್ಲಿದ್ದ ಕನಿಕರ ಅವನಿಗೆ ಸಹಿಸಲಾಗಲಿಲ್ಲ. “ಕೆಲಸ ಜಾಸ್ತಿ ಅವರಿಗೆ,” ಎಂದ. “ಏನು ಕೆಲಸ?” ಅವನು ಕಿಟಕಿಯಿಂದಾಚೆ ನೋಡಿದ. ಹೊರಗೆ ಯಾರೋ ಮುರಿದ ಕೊಡೆಯೊಂದನ್ನು ಬಿಚ್ಚಲು ಹೆಣಗುತ್ತಿದ್ದರು. “ಕೊಡೆ ರಿಪೇರಿ,” ಎಂದ. ಅವರು ಹಾರ್ಮೋನಿಯಂ ಹೊತ್ತುಕೊಂಡು ಹೋಗುತ್ತಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂದು ಅವನು ಆಮೇಲೆ ಎಷ್ಟೋ ಸಲ ಯೋಚಿಸಿದ್ದುಂಟು.

ಮರುದಿನ ಸಪ್ಲೈಯರ್ ಪೇಪರಿನಲ್ಲಿ ಸುತ್ತಿದ ತನ್ನ ಕೊಡೆಯನ್ನು ಮೇಜಿನ ಮೇಲಿಟ್ಟ. “ನಿಮ್ಮ ಗೆಳೆಯರಿಗೆ ತೋರಿಸ್ತೀರಾ? ಅವಸರ ಇಲ್ಲ.” ಆಗುವುದಿಲ್ಲ ಎನ್ನಲು ಬಾಯಿ ತೆರೆದವನ ಬಾಯಲ್ಲಿ ಆಲೂಗಡ್ಡೆ ಇತ್ತು. ಕೊಡೆ ಕೋಣೆಗೆ ಬಂತು. ಎರಡು ಸಂಜೆ ಅವನು ಅದನ್ನು ಮಡಿಲಲ್ಲಿಟ್ಟುಕೊಂಡು, ಕಾಯಿಲೆಯ ಮಗುವನ್ನು ನೋಡುವಂತೆ ನೋಡಿದ. ಒಂದು ಕಡ್ಡಿ ನಡುವೆ ಮುರಿದಿತ್ತು. ತಕ್ಕಡಿಗಳಿಗೆ ಸೀಲು ಹಾಕಲು ಇಲಾಖೆ ಕೊಟ್ಟಿದ್ದ ತಂತಿಯ ಸುರುಳಿ ಅವನು ಸದಾ ಜೊತೆಗೆ ಒಯ್ಯುವ ತಪಾಸಣೆಯ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಒಂದು ಗೇಣು ಕತ್ತರಿಸಿ, ಮುರಿದ ಜಾಗಕ್ಕೆ ಒತ್ತಾಗಿ ಸುತ್ತಿ, ಇಕ್ಕಳದಿಂದ ಹಿಸುಕಿದ. ಸರ್ಕಾರದ ತಂತಿ. ಆ ರಾತ್ರಿ ಮಲಗಲು ಹೋದಾಗ ಮೈ ಬೆವರಿತು. ಆದರೆ ಬೆಳಿಗ್ಗೆ ಕೊಡೆ ಬಿಚ್ಚಿದರೆ ಅದು ಪಟ್ ಎಂದು ತೆರೆದುಕೊಂಡಿತು; ಆ ಪಟ್ ಎಂಬ ಸದ್ದು ಅವನಿಗೆ ಈ ನಗರದಲ್ಲಿ ಯಾರೋ ಮೊದಲ ಸಲ ಎದುರಾಗಿ ಮಾತಾಡಿಸಿದಂತೆ ಕೇಳಿಸಿತು. ಮತ್ತೆ ಮುಚ್ಚಿ, ಮತ್ತೆ ಬಿಚ್ಚಿದ. ಆಫೀಸಿಗೆ ಹತ್ತು ನಿಮಿಷ ತಡವಾಯಿತು.

ಆಮೇಲೆ ಕೊಡೆಗಳು ಬರತೊಡಗಿದವು. ಗಲ್ಲಾದಮ್ಮನದು, ಅವಳ ನಾದಿನಿಯದು, ದಿನಾ ಮೊಸರು ಬೇಡ ಎನ್ನುವ ಹಲ್ಲಿನ ಡಾಕ್ಟರದು, ಹೆಸರೇ ಗೊತ್ತಿಲ್ಲದವರದು. ಏಳು ತಿಂಗಳಲ್ಲಿ ಅವನ ಕೋಣೆಯ ಗೋಡೆಗೆ ಹದಿನೇಳು ಕೊಡೆ ಒರಗಿ ನಿಂತು, ಸರಿಯಾಗಿ ವಾಪಸ್ಸು ಹೋದವು, ಒಂದೆರಡು ದಿನ ಉಳಿದು ಹೊರಡುವ ನೆಂಟರ ಹಾಗೆ. ಕೋಲಿನ ಮೇಲೆ ಜಾರುವ ಬಳೆಯೊಳಗಿನ ಸ್ಪ್ರಿಂಗನ್ನು ಬೆರಳಿಗೆ ಗಾಯವಾಗದಂತೆ ಹೊರತೆಗೆಯುವುದು, ಬಟ್ಟೆಯನ್ನು ಕಡ್ಡಿಯ ತುದಿಗೆ ಎರಡೆಳೆ ದಾರದಿಂದ ಎಂಟರ ಆಕಾರದಲ್ಲಿ ಕಟ್ಟುವುದು, ಎಲ್ಲ ಅವನಿಗೆ ಕರಗತವಾಯಿತು. ಹೋಟೆಲಿನಲ್ಲಿ ಅವನ ಗೆಳೆಯ ಈಗ ‘ಕೊಡೆಯವರು’ ಆಗಿದ್ದ. ಕೊಡೆಯವರ ಕೈಚಳಕದ ಬಗ್ಗೆ, ಒಂದು ದಿನವೂ ಮುಖ ತೋರಿಸದ ಅವರ ಸಂಕೋಚದ ಬಗ್ಗೆ, ಏನೂ ಪ್ರತಿಫಲ ಬೇಡ ಎನ್ನುವ ಅವರ ದೊಡ್ಡ ಗುಣದ ಬಗ್ಗೆ ಮೇಜು ಮೇಜಿನಲ್ಲೂ ಮಾತು. ಮೊದಮೊದಲು ಅವನಿಗೆ ಒಳಗೊಳಗೇ ಖುಷಿಯಾಯಿತು. ಆಮೇಲೆ ಒಂದು ದಿನ ಗಲ್ಲಾದಮ್ಮ, “ಅಂಥ ಮನುಷ್ಯ ನಿಮಗೆ ಹೇಗೆ ಸ್ನೇಹ ಆದ್ರು?” ಎಂದು ಕೇಳಿದಳು. ‘ನಿಮಗೆ’ ಎಂಬ ಪದವನ್ನು ಅವಳು ಎತ್ತಿ ಆಡಿದ ರೀತಿ ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಕೊಡೆಯವರಿಗೆ ಏನಿಷ್ಟ ಎಂದು ಸಪ್ಲೈಯರ್ ಕೇಳಿದ ದಿನ ಪಕ್ಕದ ಮೇಜಿನಲ್ಲಿ ಕುಂಬಳಕಾಯಿ ಸೂಪು ಕಂಡದ್ದರಿಂದ ಅವನು ಕುಂಬಳಕಾಯಿ ಎಂದಿದ್ದ. ಅವನಿಗೆ ಕುಂಬಳಕಾಯಿ ಕಂಡರೆ ಆಗದು. ಅಂದಿನಿಂದ ವಾರಕ್ಕೆರಡು ಸಲ ಕುಂಬಳಕಾಯಿಯ ಒಂದು ಡಬ್ಬಿ ಕೊಡೆಯವರಿಗೆಂದು ಕಟ್ಟಿ ಕಳಿಸುತ್ತಿದ್ದರು. ಚೆಲ್ಲಲು ಮನಸ್ಸು ಬರದೆ, ಸೈಕಲ್ಲಿನ ಮೇಲೆ ಕೂತು, ಪೆಡಲು ತುಳಿಯುತ್ತ, ಅವನು ಅದನ್ನು ತಿನ್ನುತ್ತಿದ್ದ. ಮನುಷ್ಯನಿಗೆ ಇಲ್ಲದವನ ಮೇಲೆ ಹೊಟ್ಟೆಕಿಚ್ಚು ಬರಬಹುದೆ? ಬಂದಿತ್ತು. ಒಂದು ಸಂಜೆ ಅವನು ಕೊಡೆಯೊಂದರ ಕಡ್ಡಿಯನ್ನು ಬೇಕೆಂದೇ ಸಡಿಲ ಬಿಟ್ಟ, ಕೊಡೆಯವರ ಹೆಸರು ಕೆಡಲಿ ಎಂದು. ಅರ್ಧ ಗಂಟೆ ಕೂತು, ನಾಚಿಕೆಯಾಗಿ, ಎದ್ದು ಬಿಗಿ ಮಾಡಿದ.

ಹೀಗಿರುವಾಗ ಶನಿವಾರ ಬಂತು. ಗಲ್ಲಾದಮ್ಮ ಹುಟ್ಟುಹಬ್ಬಕ್ಕೋ ಏನೋ ಸಿಹಿ ಮಾಡಿಸಿದ್ದಳು, ಎಲ್ಲರಿಗೂ ಬಡಿಸಿ, ದೊಡ್ಡ ತುಂಡೊಂದನ್ನು ಮುಚ್ಚಿಟ್ಟು, “ಇದು ಕೊಡೆಯವರಿಗೆ. ನೀವು ದಾರೀಲಿ ತಿನ್ಬೇಡಿ” ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ, ಆದರೆ ಕಿವಿ ಬಿಸಿಯಾಗಿತ್ತು. ಸಪ್ಲೈಯರ್ ಅವನ ತಟ್ಟೆ ತೆಗೆಯುತ್ತ ದಿನದಂತೆ, “ನಾಳಿದ್ದಾದ್ರೂ ಬರ್ತಾರಾ?” ಎಂದು ಕೇಳಿದಾಗ, ಈ ಕೊಡೆಯವನನ್ನು ಇವತ್ತು ಊರು ಬಿಡಿಸಿಯೇ ತೀರಬೇಕು ಎಂದು ಅವನು ನಿರ್ಧರಿಸಿದ.

“ಬರಲ್ಲ,” ಎಂದ. “ಅವರು ಹೋಗಿಬಿಟ್ರು.”

ಸಪ್ಲೈಯರನ ಕೈಯಲ್ಲಿದ್ದ ತಟ್ಟೆ ಮೇಜಿನ ಮೇಲೆ ಮೆಲ್ಲಗೆ ಇಳಿಯಿತು. “ಯಾವಾಗ?”

“ಇವತ್ತು ಬೆಳಿಗ್ಗೆ.”

“ಹೇಗೆ ಸರ್?”

“ಬಸ್ಸಲ್ಲಿ.”

“ಬಸ್ಸಲ್ಲೇ ಹೋದ್ರಾ?” ಸಪ್ಲೈಯರ್ ಕುರ್ಚಿಯ ಬೆನ್ನು ಹಿಡಿದುಕೊಂಡ. “ಜೊತೆಗೆ ಯಾರಾದ್ರೂ ಇದ್ರಾ?”

“ಬಸ್ಸು ತುಂಬಿತ್ತು.”

“ಒದ್ದಾಡಿದ್ರಾ?”

“ಇಲ್ಲಪ್ಪ, ಸೀಟು ಸಿಕ್ಕಿತ್ತು. ಕಿಟಕಿ ಪಕ್ಕ.”

ಸಪ್ಲೈಯರನ ಕಣ್ಣು ತುಂಬಿದ್ದು ಆಗ. ಅವನು ಅಡುಗೆಮನೆಯ ಕಡೆ ತಿರುಗಿ, “ಕೊಡೆಯವರು ಹೋಗಿಬಿಟ್ರಂತೆ, ಬಸ್ಸಲ್ಲಿ, ಕೂತಲ್ಲೇ” ಎಂದು ಕೂಗಿದ ಮೇಲೆಯೇ ತೂಕದ ಇನ್‌ಸ್ಪೆಕ್ಟರಿಗೆ ತನ್ನ ಬಾಯಿಂದ ಏನು ಹೊರಬಿತ್ತು ಎಂಬುದು ಹೊಳೆದದ್ದು. ಅಲ್ಲ ಅಲ್ಲ, ಊರಿಗೆ ಹೋದರು ಎಂದು ಹೇಳಲು ಒಂದು ಕ್ಷಣ ಅವಕಾಶವಿತ್ತು. ಆ ಕ್ಷಣ ಅವನ ಎದುರಿಗೇ ನಿಂತು, ಅವನ ಮುಖ ನೋಡಿ, ಹೊರಟುಹೋಯಿತು. ಏಕೆಂದರೆ ಅಷ್ಟರಲ್ಲಿ ಗಲ್ಲಾದಮ್ಮ ಗಲ್ಲಾ ಬಿಟ್ಟು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟಿದ್ದಳು. ಈ ಊರಿಗೆ ಬಂದು ಏಳು ತಿಂಗಳಾಗಿತ್ತು, ಬಸ್ಸಿನ ನೂಕುನುಗ್ಗಲು ಬಿಟ್ಟರೆ ಯಾರೂ ಅವನನ್ನು ಮುಟ್ಟಿರಲಿಲ್ಲ. ಕೈ ಬೆಚ್ಚಗಿತ್ತು. ಅವನಿಗೆ ಅಳು ಬಂತು. ನಿಜವಾದ ಅಳು, ಸಿಂಬಳದ ಸಮೇತ. ಅಳುವಾಗ ಒಂದು ಕಣ್ಣಿನ ಸಂದಿಯಿಂದ ಆ ಮುಚ್ಚಿಟ್ಟ ಸಿಹಿ ಈಗ ಯಾರಿಗೆ ಹೋಗುತ್ತದೆ ಎಂದು ನೋಡಿದ್ದನ್ನು ಅವನು ಭಾನುವಾರ ಇಡೀ ದಿನ ನೆನೆದು ತಲೆ ಚಚ್ಚಿಕೊಂಡ. ಭಾನುವಾರ ಹೋಟೆಲಿಗೆ ರಜೆ. ಬಿಸ್ಕತ್ತು ತಿಂದ. ಸಂಜೆ ಅಕ್ಕ ಫೋನು ಮಾಡಿ, “ಊಟ ಆಯ್ತಾ?” ಎಂದದ್ದಕ್ಕೆ, “ಆಯ್ತು” ಎಂದ, “ದನಿ ಯಾಕೆ ಹಾಗಿದೆ?” ಎಂದದ್ದಕ್ಕೆ, “ಇಲ್ಲೊಬ್ಬರು ಹೋಗಿಬಿಟ್ರು” ಎಂದ. ಅಕ್ಕ, “ಎಲ್ಲಿಗೆ?” ಎಂದಳು. ಆ ಒಂದು ಪ್ರಶ್ನೆಯನ್ನು ಸಪ್ಲೈಯರ್ ಯಾಕೆ ಕೇಳಲಿಲ್ಲ ಎಂದು ಅವನು ಸಂಕಟಪಟ್ಟ.

ಸೋಮವಾರ ಒಂದು ಗಂಟೆಗೆ ಅವನು ಹೋಟೆಲಿನ ಬಾಗಿಲಲ್ಲಿ ನಿಂತಾಗ ಒಳಗಿನ ಮಾತೆಲ್ಲ ತಣ್ಣಗಾಯಿತು. ಬೇರೆಡೆ ಊಟ ಮಾಡಬಹುದಿತ್ತು, ಯೋಚಿಸಿಯೂ ಇದ್ದ. ಆದರೆ ಬರದಿದ್ದರೆ ದುಃಖ ಹೆಚ್ಚಾಗಿದೆ ಎಂದು ಇವರು ಹುಡುಕಿಕೊಂಡು ಕೋಣೆಗೇ ಬಂದು, ನೆಲದ ಮೇಲೆ ಬಿದ್ದಿರುವ ಕೊಡೆಯ ಮುರಿದ ಕಡ್ಡಿ, ಬಟ್ಟೆಯ ಚೂರುಗಳನ್ನು ಕಂಡುಬಿಟ್ಟರೆ? ಅವನು ನೆಗಡಿಯ ಮುಖ ಹಾಕಿಕೊಂಡು ಒಳಗೆ ಬಂದ. ಅವನ ಮೇಜನ್ನು ಯಾರಿಗೂ ಕೊಟ್ಟಿರಲಿಲ್ಲ. ಬರೆದು ಹಾಕುವ ಹಲಗೆಯ ಮೇಲೆ ಇವತ್ತಿನ ಊಟ ಎಂಬುದರ ಕೆಳಗೆ ಸೀಮೆಸುಣ್ಣದಲ್ಲಿ ಕುಂಬಳಕಾಯಿ ಸೂಪು, ಕುಂಬಳಕಾಯಿ ಪಲ್ಯ, ಹುರಿದ ಕುಂಬಳಕಾಯಿ ಎಂದಿತ್ತು. ಯಾರೂ ಗೊಣಗುತ್ತಿರಲಿಲ್ಲ. ಹಲ್ಲಿನ ಡಾಕ್ಟರು ತಮ್ಮ ಮೇಜಿನಿಂದ ಎದ್ದು ಬಂದು, “ನನ್ನ ಕೊಡೆ ಈಗ ಹೊಸದಕ್ಕಿಂತ ಚೆನ್ನಾಗಿದೆ” ಎಂದಷ್ಟೇ ಹೇಳಿ, ಹೋಗಿ ಕೂತರು. ಅವನು ಒಂದು ಚಮಚ ಸೂಪು ಬಾಯಿಗಿಟ್ಟ. ಹಳದಿ, ಸಿಹಿ, ಬೆಚ್ಚಗೆ, ಗಂಟಲಿನಲ್ಲಿ ಇಳಿಯಲೊಲ್ಲದು.

“ನಾನು ಒಂದು ಸಲ ನೋಡಿದ್ದೆ ಅವರನ್ನ,” ಎಂದಳು ಗಲ್ಲಾದಮ್ಮ.

ಅವನ ಚಮಚ ನಿಂತಿತು. “ಯಾರನ್ನ?”

“ಕೊಡೆಯವರನ್ನ. ಹೋದ ತಿಂಗಳು. ಬಾಗಿಲ ತನಕ ಬಂದ್ರು, ಒಳಗೆ ನೋಡಿದ್ರು, ವಾಪಸ್ ಹೋದ್ರು. ಸಣ್ಣ ಆಳು, ಬಿಳಿ ಷರಟು. ಅವರೇ ಅಂತ ನನಗೆ ಆಗಲೇ ಗೊತ್ತಾಯ್ತು.”

“ನಾನು ಇದ್ನಾ ಆಗ?”

“ನೀವು ಇಲ್ಲೇ ಕೂತಿದ್ರಿ. ಸೂಪು ಸೊರ್ ಅಂತ ಕುಡೀತಾ ಇದ್ರಿ. ಅವರಿಗೆ ಮುಜುಗರ ಆಯ್ತೋ ಏನೋ.”

ತನ್ನ ಗೆಳೆಯ ಎಂಬವನು ಇಲ್ಲ, ಬರಲು ಸಾಧ್ಯವಿಲ್ಲ, ಗಲ್ಲಾದಮ್ಮನ ಕನ್ನಡಕಕ್ಕೆ ಬೀದಿಯಾಚೆಯ ಕಂಬವೂ ಬಿಳಿ ಷರಟು ಹಾಕಿಕೊಂಡು ಕಾಣುತ್ತದೆ, ಇಷ್ಟೆಲ್ಲ ಗೊತ್ತಿದ್ದೂ ಅವನು ಬಾಗಿಲ ಕಡೆ ತಿರುಗಿ ನೋಡಿದ. ಬಾಗಿಲ ತನಕ ಬಂದವನು ತನ್ನನ್ನು ಕಂಡು ವಾಪಸ್ಸು ಹೋದನೇ? ಸೂಪು ಕುಡಿಯುವ ಸದ್ದಿಗೇ? ಅವನಿಗಾಗಿ ಹದಿನೇಳು ಕೊಡೆ ಕಟ್ಟಿದ್ದೇನೆ, ಅವನ ಪಾಲಿನ ಕುಂಬಳಕಾಯಿಯನ್ನೆಲ್ಲ ನುಂಗಿದ್ದೇನೆ. ಇನ್ನು ಇದು ಸಾಕು ಎನಿಸಿತು. ಇಲ್ಲದವನು ಹೀಗೆ ಅವಮಾನ ಮಾಡುವ ಮಟ್ಟಕ್ಕೆ ಬಂದ ಮೇಲೆ ಸುಮ್ಮನಿರುವುದು ತಪ್ಪು. ಅವನು ಎದ್ದು ನಿಂತ. ಕರವಸ್ತ್ರ ಕೆಳಗೆ ಬಿತ್ತು.

“ನಾನು ಒಂದು ವಿಷಯ ಹೇಳ್ಬೇಕು. ಅವರು ಇಲ್ಲ.”

“ಗೊತ್ತು ಸರ್,” ಎಂದ ಸಪ್ಲೈಯರ್ ಅವನ ತೋಳು ಹಿಡಿದು. “ಇಲ್ಲ ಅನ್ನೋದನ್ನ ನೀವು ಒಪ್ಕೊಂಡ್ರಲ್ಲ, ಅದು ಒಳ್ಳೇದು.”

“ಹಾಗಲ್ಲ. ಮೊದಲೂ ಇರ್ಲಿಲ್ಲ.”

“ಎಲ್ಲಿ ಇರ್ಲಿಲ್ಲ?”

“ಎಲ್ಲೂ ಇರ್ಲಿಲ್ಲ. ಅಂಥ ಮನುಷ್ಯನೇ ಇಲ್ಲ. ನಾನು ಕಲ್ಪಿಸಿ ಹೇಳಿದ್ದು. ಆ ಕನ್ನಡಿ ಮುಂದೆ ಕೂತು ತಿನ್ನೋಕೆ ನನಗೆ ಆಗ್ತಿರ್ಲಿಲ್ಲ, ಅದಕ್ಕೆ.”

ಹೋಟೆಲಿನವರು ಮುಖ ಮುಖ ನೋಡಿಕೊಂಡರು. ಅಡುಗೆಮನೆಯ ಕಿಟಕಿಯಲ್ಲಿ ಅಡುಗೆಯವನ ತಲೆ ಕಾಣಿಸಿತು. ತೆಳ್ಳಗಿನ, ಯಾವಾಗಲೂ ಯಾರ ಮೇಲೋ ಸಿಟ್ಟಾಗಿರುವಂತೆ ಹುಬ್ಬು ಗಂಟಿಕ್ಕಿಕೊಂಡಿರುವ ಮನುಷ್ಯ. “ನಮ್ಮ ಮಾವ ಹೋದಾಗ ನಮ್ಮತ್ತೇನೂ ಹೀಗೇ ಅಂದ್ರು,” ಎಂದ ಅವನು. “ನನಗೆ ಮದುವೇನೇ ಆಗಿಲ್ಲ ಅಂತ. ನಾಲ್ಕು ಮಕ್ಕಳು ಎದುರಿಗೇ ನಿಂತಿದ್ರು.”

“ನಿಜ ಹೇಳ್ತಾ ಇದ್ದೀನಿ ನಾನು.”

“ಹಾಗಾದ್ರೆ ನಮ್ಮ ಕೊಡೆ ರಿಪೇರಿ ಮಾಡಿದ್ದು ಯಾರು?” ಎಂದಳು ಗಲ್ಲಾದಮ್ಮ, ಚಿಕ್ಕ ಮಕ್ಕಳನ್ನು ಕೇಳುವ ದನಿಯಲ್ಲಿ.

“ನಾನು.”

ಹಲ್ಲಿನ ಡಾಕ್ಟರು ತಡೆಯಲಾರದೆ ನಕ್ಕುಬಿಟ್ಟರು, ನಕ್ಕದ್ದಕ್ಕೆ ಕ್ಷಮೆ ಕೇಳಿದರು. “ನೀವಾ?” ಎಂದ ಅಡುಗೆಯವನು. “ಸರ್, ಬೇಜಾರು ಮಾಡ್ಕೋಬೇಡಿ. ನಿಮಗೆ ಬೇಯಿಸಿದ ಮೊಟ್ಟೆ ಸುಲಿಯೋಕೂ ಬರಲ್ಲ. ದಿನಾ ಸಿಪ್ಪೆ ಜೊತೆ ಅರ್ಧ ಮೊಟ್ಟೆ ತಟ್ಟೇಲೇ ಬರುತ್ತೆ, ನಾನು ನೋಡಲ್ವಾ?” ಅದು ಸತ್ಯವಾಗಿತ್ತು. ಅವನು ಪೆಟ್ಟಿಗೆಯಿಂದ ಸೀಲಿನ ತಂತಿಯ ಸುರುಳಿ ತೆಗೆದು, ಸಪ್ಲೈಯರನ ಕೊಡೆಯಲ್ಲಿರುವುದೂ ಇದೇ ತಂತಿ, ಹೋಲಿಸಿ ನೋಡಿ, ಇದು ಅಂಗಡಿಯಲ್ಲಿ ಸಿಗುವುದಲ್ಲ ಎಂದು ವಾದಿಸಿದ. ಸಪ್ಲೈಯರ್ ಹೋಲಿಸಿ ನೋಡಿದ. “ಅಂದ್ರೆ ಅವರಿಗೆ ತಂತಿ ಕೊಡ್ತಿದ್ದದ್ದು ನೀವು,” ಎಂದ ನಿಟ್ಟುಸಿರು ಬಿಟ್ಟು. “ಎಂಥ ಸ್ನೇಹ ನಿಮ್ಮದು.” ತಾನು ಸರ್ಕಾರಿ ತಂತಿ ಕದ್ದದ್ದನ್ನು ತುಂಬಿದ ಹೋಟೆಲಿನಲ್ಲಿ ತಾನೇ ಸಾಬೀತು ಮಾಡಿದ್ದೇನೆ, ಅದರ ಪುಣ್ಯವೂ ಆ ಕೊಡೆಯವನಿಗೇ ಹೋಯಿತು ಎಂದು ಅವನ ಕಣ್ಣಿಗೆ ಕತ್ತಲೆ ಬಂದಂತಾಯಿತು.

“ಮುರಿದ ಕೊಡೆ ಯಾರ ಹತ್ರ ಆದ್ರೂ ಇದ್ರೆ ಕೊಡಿ,” ಎಂದ. ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಯಾರ ಹತ್ತಿರವೂ ಇರಲಿಲ್ಲ. ಇದ್ದದ್ದನ್ನೆಲ್ಲ ಕೊಡೆಯವರು ಸರಿ ಮಾಡಿದ್ದರು. ಕೊನೆಗೆ ಅಡುಗೆಯವನು ಒಳಗೆ ಹೋಗಿ, ಅಕ್ಕಿ ಮೂಟೆಗಳ ಹಿಂದೆ ಕೈ ಹಾಕಿ, ಒಂದು ಪುಟ್ಟ ಕೊಡೆ ತಂದ. ಗುಲಾಬಿ ಬಣ್ಣದ, ಅಂಚಿಗೆ ಜಾಲರಿಯಿದ್ದ ಹೂಹೂವಿನ ಕೊಡೆ. “ನನ್ನದೇ,” ಎಂದ ಯಾರೂ ಕೇಳದಿದ್ದರೂ. “ಅಂಗಡೀಲಿ ಇದೊಂದೇ ಉಳಿದಿತ್ತು. ಕೊಡೆಯವರಿಗೆ ಕಳ್ಸೋಕೆ ನಾಚಿಕೆ ಆಗಿತ್ತು.” ಇನ್‌ಸ್ಪೆಕ್ಟರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೊಡೆಯನ್ನು ಬಿಚ್ಚಿದ. ಎರಡು ಕಡ್ಡಿ ಹೋಗಿದ್ದವು, ಜಾರುವ ಬಳೆ ತುಕ್ಕು ಹಿಡಿದು ಅರ್ಧಕ್ಕೇ ನಿಂತಿತ್ತು, ಬಟ್ಟೆ ಮೂರು ತುದಿಯಲ್ಲಿ ಕಿತ್ತಿತ್ತು. ಅವನು ಪೆಟ್ಟಿಗೆಯಿಂದ ಇಕ್ಕಳ, ದಾರ ತೆಗೆದಿಟ್ಟು ಷರಟಿನ ತೋಳು ಮಡಿಸಿದ. ಮೊದಲ ಐದು ನಿಮಿಷದಲ್ಲೇ ಸ್ಪ್ರಿಂಗು ಹಾರಿಹೋಗಿ ಹಲ್ಲಿನ ಡಾಕ್ಟರ ಸೂಪಿನಲ್ಲಿ ಬಿತ್ತು. ಅವರು ಅದನ್ನು ಚಿಮುಟದಲ್ಲಿ ಹಿಡಿಯುವಂತೆ ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿ, ಒರೆಸಿ, ತಂದುಕೊಟ್ಟರು. ಆಮೇಲೆ ಕೈಗೆ ಹಳೆಯ ಹದ ಬಂತು. ತಂತಿ ಸುತ್ತುವುದು, ಹಿಸುಕುವುದು, ದಾರವನ್ನು ಹಲ್ಲಿನಲ್ಲಿ ಹಿಡಿದು ಎಳೆಯುವುದು. ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂಬುದು ಮರೆತುಹೋಯಿತು. ದವಡೆ ಯಾವ ಕಡೆಗೆ ಹೋಗುತ್ತಿದೆ ಎಂಬುದೂ ಮರೆತುಹೋಯಿತು. ಊಟಕ್ಕೆ ಬಂದವರು ಒಬ್ಬೊಬ್ಬರಾಗಿ ಎದ್ದು ಕೆಲಸಕ್ಕೆ ಹೋದರು, ಡಾಕ್ಟರಿಗೂ ಯಾರದೋ ಹಲ್ಲು ಕೀಳುವುದಿತ್ತು. ಮೂರು ಗಂಟೆಯ ಹೊತ್ತಿಗೆ ಹೋಟೆಲಿನಲ್ಲಿ ಉಳಿದದ್ದು ಮೇಜಿನ ಸುತ್ತ ನಿಂತ ಮೂವರೇ. ಅವನು ಕೊನೆಯ ಗಂಟು ಹಾಕಿ, ಕೊಡೆಯನ್ನು ಮೇಲೆತ್ತಿ, ಗುಂಡಿ ಒತ್ತಿದ. ಪಟ್. ಗುಲಾಬಿ ಹೂವುಗಳ ಕೆಳಗೆ ಅವನ ಮುಖಕ್ಕೂ ಸ್ವಲ್ಪ ಬಣ್ಣ ಬಂದಿತ್ತು.

ಅಡುಗೆಯವನು ಕೊಡೆಯನ್ನು ಕೈಗೆ ತೆಗೆದುಕೊಂಡು, ಒಂದೊಂದೇ ಕಡ್ಡಿ ಮುಟ್ಟಿ ನೋಡಿದ. ಗಲ್ಲಾದಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಸಪ್ಲೈಯರ್ ತನ್ನ ಕೊಡೆಯನ್ನು ಪಕ್ಕಕ್ಕೆ ಹಿಡಿದು, ಎರಡರ ಗಂಟನ್ನೂ ಹೋಲಿಸಿ ನೋಡಿದ.

“ಅವರೇ ಕಲಿಸಿದ್ದಾ ಸರ್?” ಎಂದು ಕೊನೆಗೆ ಕೇಳಿದ.

ಅವನು ಬಾಯಲ್ಲಿದ್ದ ದಾರದ ತುಂಡನ್ನು ತೆಗೆದ. ಸಪ್ಲೈಯರನ ಕಣ್ಣಲ್ಲಿ ಅಪನಂಬಿಕೆ ಇರಲಿಲ್ಲ, ಗೇಲಿ ಇರಲಿಲ್ಲ; ಒಂದು ದಿನವೂ ಕಾಣದ ಒಬ್ಬ ಮನುಷ್ಯನ ಮೇಲಿನ ಅಕ್ಕರೆ ಮಾತ್ರ ಇತ್ತು. ಅದನ್ನು ಈ ಮುದುಕನಿಂದ ಕಿತ್ತುಕೊಂಡು ತಾನು ಏನು ಮಾಡುವುದು? ಬೆನ್ನು ನೋಯುತ್ತಿತ್ತು, ಹಸಿವಾಗಿತ್ತು.

“ಹೂಂ,” ಎಂದ.

“ನನಗನ್ನಿಸ್ತು. ಅದೇ ಕೈ.”

“ಒಳಗೆ ಬನ್ನಿ,” ಎಂದಳು ಗಲ್ಲಾದಮ್ಮ. “ಹೊರಗಿನ ತಟ್ಟೆ ಎಲ್ಲ ತೊಳೆಯೋಕೆ ಹೋಗಿದೆ.”

ಅವನು ಅಡುಗೆಮನೆಯನ್ನು ಅದೇ ಮೊದಲು ಒಳಗಿನಿಂದ ನೋಡಿದ್ದು. ಇಕ್ಕಟ್ಟಾದ ಜಾಗ, ಬಿಸಿ ಇನ್ನೂ ಆರಿರಲಿಲ್ಲ, ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಮೂವರೂ ದೊಡ್ಡ ಪಾತ್ರೆಯ ಸುತ್ತ ನಿಂತರು, ಅಲ್ಲಿ ನಿಂತೇ ಉಣ್ಣುವುದು ರೂಢಿ. ಅವನಿಗೆ ಒಂದು ಪಾತ್ರೆಯ ಮುಚ್ಚಳವನ್ನು ಮಗುಚಿ ಕೊಟ್ಟರು. ತಳದಲ್ಲಿ ಉಳಿದ ಅನ್ನ, ತಳ ಹಿಡಿದ ಆಲೂಗಡ್ಡೆ. ಕುಂಬಳಕಾಯಿ ಖಾಲಿಯಾಗಿತ್ತು. ಸಪ್ಲೈಯರ್ ಚಪ್ಪಲಿ ಬಿಟ್ಟು ತಣ್ಣನೆಯ ನೆಲದ ಮೇಲೆ ಪಾದಗಳನ್ನು ಊರಿ, “ಅಬ್ಬ” ಎಂದ. ಕೊಡೆಯವರ ಮಾತು ಯಾರೂ ಎತ್ತಲಿಲ್ಲ. ನಲ್ಲಿಗೆ ಹೊಸ ವಾಷರ್ ಹಾಕಿಸುವುದು ಯಾರ ಜವಾಬ್ದಾರಿ ಎಂದು ಗಲ್ಲಾದಮ್ಮನೂ ಸಪ್ಲೈಯರೂ ಜಗಳವಾಡಿದರು. ತಳ ಹಿಡಿದ ಗರಿಗರಿ ಆಲೂಗಡ್ಡೆಯನ್ನು ಮೂರನೆಯ ಸಲವೂ ನೀವೇ ತೆಗೆದುಕೊಂಡಿರಿ ಎಂದು ಸಪ್ಲೈಯರ್ ಅವಳ ಮೇಲೆ ಆರೋಪ ಹೊರಿಸಿದ. ಅಡುಗೆಯವನು ತಾನು ತಿನ್ನದೆ, ಸೌಟು ಹಿಡಿದು, ಎಲ್ಲರ ಬಾಯಿಯನ್ನೇ ನೋಡುತ್ತಿದ್ದ. “ಹೇಗಿದೆ?” ಎಂದು ಇನ್‌ಸ್ಪೆಕ್ಟರನ್ನು ಕೇಳಿದ. ಏಳು ತಿಂಗಳಿಂದ ಆ ಪ್ರಶ್ನೆ ಕಿಟಕಿಯಾಚೆಯಿಂದ ಬರುತ್ತಿತ್ತು, ಏಳು ತಿಂಗಳಿಂದ ಅವನು ಚೆನ್ನಾಗಿದೆ ಎನ್ನುತ್ತಿದ್ದ. ಇವತ್ತೂ ಅದೇ ನಾಲಿಗೆಯ ತುದಿಗೆ ಬಂದಿತ್ತು.

“ಉಪ್ಪು ಕಡಿಮೆ,” ಎಂದ.

“ಯಾವುದಕ್ಕೆ?”

“ಎಲ್ಲದಕ್ಕೂ.”

“ಇವತ್ತಾ?”

ಅವನು ಒಂದು ತುತ್ತು ನುಂಗಿ ಯೋಚಿಸಿದ. “ದಿನಾನೂ.”

ಗಲ್ಲಾದಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಡುಗೆಯವನು ಸೌಟನ್ನು ಕಟ್ಟೆಯ ಮೇಲಿಟ್ಟ. “ಏಳು ತಿಂಗಳು ಕೂತು ತಿಂದು ಇವತ್ತು ಹೇಳ್ತೀರಾ,” ಎಂದ. ಗುಲಾಬಿ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂಬಾಗಿಲಿಂದ ಹೊರಟುಹೋದ. “ಹೋಗ್ಲಿ ಬಿಡಿ, ಹದಿನೈದು ವರ್ಷದಿಂದ ನಾವು ಹೇಳೋಕೆ ಹೆದರ್ತಾ ಇದ್ವಿ,” ಎಂದ ಸಪ್ಲೈಯರ್, ಅವನ ಮುಚ್ಚಳಕ್ಕೆ ಇನ್ನೊಂದು ಆಲೂಗಡ್ಡೆ ಹಾಕುತ್ತ.

ಮಂಗಳವಾರ ಅಡುಗೆಯವನು ಅವನ ಜೊತೆ ಮಾತಾಡಲಿಲ್ಲ. ಬುಧವಾರವೂ ಇಲ್ಲ. ಕಿಟಕಿಯಲ್ಲಿ ತಲೆ ಕಾಣಿಸುತ್ತಿತ್ತು, ಇವನನ್ನು ಕಂಡೊಡನೆ ಮಾಯವಾಗುತ್ತಿತ್ತು. ಗುರುವಾರ ಒಳಗಿನಿಂದ, ಇವನಿಗೆ ಕೇಳಿಸಲೆಂದೇ, “ಅವರಿಗೆ ಹೇಳು, ಉಪ್ಪಿನ ಡಬ್ಬಿ ಮೇಜಿನ ಮೇಲೇ ಇದೆ, ಕೈ ಇದ್ರೆ ಹಾಕ್ಕೋಬಹುದು ಅಂತ” ಎಂಬ ದನಿ ಬಂತು. ಎರಡು ಮಾರು ದೂರದಲ್ಲಿದ್ದ ಸಪ್ಲೈಯರ್ ಅದನ್ನು ಒಂದಕ್ಷರ ಬಿಡದೆ ಇವನಿಗೆ ಒಪ್ಪಿಸಿದ. “ಅವರಿಗೆ ಹೇಳು, ಹಾಕ್ಕೊಂಡೆ ಅಂತ,” ಎಂದ ಇವನು. ಆ ಸಂಜೆ ಅಕ್ಕ ಫೋನು ಮಾಡಿದಾಗ ಅವನು, ಊಟ ಆಯ್ತಾ ಎಂದು ಅವಳು ಕೇಳುವ ಮೊದಲೇ, “ಅಕ್ಕಾ, ಇಲ್ಲೊಬ್ಬ ನನ್ನ ಜೊತೆ ಮಾತು ಬಿಟ್ಟಿದ್ದಾನೆ” ಎಂದ.

“ಅಯ್ಯೋ, ಯಾರು?”

“ಅಡುಗೆಯವನು.”

“ಜಗಳ ಆಡಿದ್ಯಾ?”

“ಆಡಿದೆ. ನಾಲ್ಕು ದಿನ ಆಯ್ತು. ನನ್ನ ಮುಖ ಕಂಡ್ರೆ ಬೆನ್ನು ತಿರುಗಿಸ್ತಾನೆ.”

“ಅದನ್ನ ಇಷ್ಟು ಸಂತೋಷವಾಗಿ ಹೇಳ್ತೀಯಲ್ಲೋ. ಹೋಗಿ ತಪ್ಪಾಯ್ತು ಅಂತ ಕೇಳು.”

“ಕೇಳ್ತೀನಿ,” ಎಂದ ಅವನು. “ಇನ್ನೆರಡು ದಿನ ಹೀಗೇ ಇರ್ಲಿ.”